ಒಂದು ಲಕ್ಷದ ಮೂವತ್ತು ಸಾವಿರದ ಪ್ರಶ್ನೆ

ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಸ್25 ಅಲ್ಟ್ರಾ ಅಂಗಡಿಗಳಿಗೆ ಬಂದಿದ್ದ ದಿನಗಳಲ್ಲಿ ನನ್ನ ಸೋದರಳಿಯ ಕೇಳಿದ: "ಮಾವ, ತಗೊಳ್ಳೋಕೆ ಮನಸ್ಸಿದೆ. ಆದ್ರೆ ಚೀನಾ ಫೋನ್‌ಗಳ ಮುಂದೆ ಇದು ನಿಲ್ಲುತ್ತಾ?" ದುಡ್ಡಿನ ಏರ್ಪಾಡು ಆಗಲೇ ಮಾಡಿಕೊಂಡಿದ್ದ. ಹಳೆಯ ಫೋನ್ ಎಕ್ಸ್‌ಚೇಂಜಿಗೆ, ಮಿಕ್ಕಿದ್ದು ಇಎಂಐ. ಅವನನ್ನು ಕಾಡುತ್ತಿದ್ದದ್ದು ಇನ್ನೊಂದು. 1,29,999 ರೂಪಾಯಿ ಸುರಿದು ತಂದ ಮೇಲೆ, ಆಫೀಸಿನಲ್ಲಿ ಪಕ್ಕದ ಕುರ್ಚಿಯವನು 69,999ರ ಒನ್‌ಪ್ಲಸ್ 13 ತೆಗೆದು, "ನಂದು ಸ್ನಾನ ಮಾಡಿ ತಿಂಡಿ ತಿನ್ನೋಷ್ಟರಲ್ಲಿ ಫುಲ್ ಚಾರ್ಜು" ಎಂದುಬಿಟ್ಟರೆ?

ನಿಲ್ಲುತ್ತದೆ ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಕಳಿಸಬಹುದಿತ್ತು. ಆದರೆ ಇದು ನನಗೆ ಪ್ರೀತಿಯ ವಿಷಯ. ಕಾಫಿ ಬಂತು, ಕೂತೆವು, ಮಾತು ಎಲ್ಲೆಲ್ಲಿಗೋ ಹೋಯಿತು.

ಒಂದು ಫೋನ್ ಇನ್ನೊಂದಕ್ಕೆ ಸಮವೇ ಎಂಬ ಮಾತು ಬಂದಾಗಲೆಲ್ಲ ನನಗೆ 2007 ನೆನಪಾಗುತ್ತದೆ. ಆ ವರ್ಷದ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟೀವ್ ಜಾಬ್ಸ್ ಮೊದಲ ಐಫೋನ್ ತೋರಿಸಿದರು. ನೋಕಿಯಾದ ಎನ್95 ಅಂಗಡಿಗಳಿಗೆ ಬಂದದ್ದೂ ಅದೇ ವರ್ಷ. ಎರಡರ ಗುಣಗಳನ್ನೂ ಪಟ್ಟಿ ಮಾಡಿ ಪಕ್ಕಪಕ್ಕ ಇಟ್ಟಿದ್ದರೆ ಐಫೋನ್ ಮುಖ ತಗ್ಗಿಸಬೇಕಿತ್ತು. ನೋಕಿಯಾದಲ್ಲಿ 5 ಮೆಗಾಪಿಕ್ಸೆಲ್ ಕ್ಯಾಮೆರಾ, ಅದಕ್ಕೆ ಕಾರ್ಲ್ ಝೈಸ್ ಮಸೂರ, ವಿಡಿಯೋ, ಜಿಪಿಎಸ್, 3ಜಿ ಎಲ್ಲವೂ ಇದ್ದವು. ಐಫೋನಿನಲ್ಲಿ 2 ಮೆಗಾಪಿಕ್ಸೆಲ್. ವಿಡಿಯೋ ತೆಗೆಯಲು ಬಾರದು, ಜಿಪಿಎಸ್ ಇಲ್ಲ, 3ಜಿ ಇಲ್ಲ, ಒಂದು ಸಾಲನ್ನು ಇಲ್ಲಿಂದ ಎತ್ತಿ ಅಲ್ಲಿ ಅಂಟಿಸುವ ಸೌಲಭ್ಯವೂ ಇಲ್ಲ. ಹಾಗಿದ್ದೂ 2014ಕ್ಕೆ ನೋಕಿಯಾದ ಫೋನ್ ವ್ಯಾಪಾರ ಮೈಕ್ರೋಸಾಫ್ಟ್ ಪಾಲಾಯಿತು. ಐಫೋನ್ ಎಲ್ಲಿದೆ ಎಂದು ಹೇಳಬೇಕಾಗಿಲ್ಲ. ಬೆರಳು ಸವರಿದರೆ ಪರದೆ ಬೆರಳಿನ ಜೊತೆಗೇ ಜಾರುತ್ತಿದ್ದ ಸೊಗಸಿಗೆ ಆ ಪಟ್ಟಿಯಲ್ಲಿ ಸಾಲೇ ಇರಲಿಲ್ಲ.

ಮರುವರ್ಷ ಬಂದ ಐಫೋನ್ 3ಜಿ, 2008ರ ಆಗಸ್ಟ್ 22ರಂದು ಏರ್‌ಟೆಲ್ ಮತ್ತು ವೊಡಾಫೋನ್ ಮೂಲಕ ನಮ್ಮ ದೇಶಕ್ಕೆ ಕಾಲಿಟ್ಟಿತು. 8 ಜಿಬಿಯದಕ್ಕೆ 31,000 ರೂಪಾಯಿ. ಹೆಸರಿನಲ್ಲೇ 3ಜಿ ಇತ್ತು, ದೇಶದಲ್ಲಿ ಇರಲಿಲ್ಲ. ಖಾಸಗಿ ಕಂಪನಿಗಳಿಗೆ 3ಜಿ ತರಂಗಾಂತರ ಹರಾಜಾದದ್ದು 2010ರಲ್ಲಿ. ಫೋನ್ ಎಷ್ಟೇ ಮುಂದಿದ್ದರೂ ಅದನ್ನು ಹಿಡಿದು ನಿಂತ ಊರು, ಬೀದಿ, ಬಿಸಿಲು, ಕರೆಂಟು ಇವೆಲ್ಲ ಲೆಕ್ಕಕ್ಕೆ ಬರುತ್ತವೆ ಎಂಬುದಕ್ಕೆ ಇದನ್ನು ಹೇಳಿದೆ.

ಹಾಗೆಂದು ಪಟ್ಟಿಯನ್ನು ಹರಿದು ಎಸೆಯಬೇಕಾಗಿಲ್ಲ. ಬ್ಯಾಟರಿಯ ಸಾಲನ್ನೇ ಓದೋಣ. 2020ರ ಎಸ್20 ಅಲ್ಟ್ರಾದಲ್ಲಿ ಇದ್ದದ್ದು 5000 ಎಂಎಎಚ್. ಎಸ್21, ಎಸ್22, ಎಸ್23, ಎಸ್24 ಎಲ್ಲ ಅಲ್ಟ್ರಾಗಳಲ್ಲೂ ಅಷ್ಟೇ. 2025ರ ಎಸ್25 ಅಲ್ಟ್ರಾದಲ್ಲೂ ಅಷ್ಟೇ. ಚಾರ್ಜಿಂಗಿನ 45 ವಾಟ್ ಇನ್ನೂ ಹಳೆಯದು, 2019ರ ನೋಟ್ 10 ಪ್ಲಸ್‌ನಲ್ಲೇ ಬಂದಿತ್ತು. ಈ ಕಡೆ ಒನ್‌ಪ್ಲಸ್ 13ರಲ್ಲಿ 6000 ಎಂಎಎಚ್, 100 ವಾಟ್, ಚಾರ್ಜರ್ ಪೆಟ್ಟಿಗೆಯಲ್ಲೇ ಇರುತ್ತದೆ. ವಿವೋ ಎಕ್ಸ್200 ಪ್ರೋದಲ್ಲಿ 6000, 90 ವಾಟ್. ಸ್ಯಾಮ್‌ಸಂಗ್ ತನ್ನ ದುಬಾರಿ ಫೋನಿನ ಪೆಟ್ಟಿಗೆಯಿಂದ ಚಾರ್ಜರನ್ನು ತೆಗೆದದ್ದು 2021ರಲ್ಲೇ; ಅದನ್ನು ಬೇರೆ ದುಡ್ಡು ಕೊಟ್ಟು ತರಬೇಕು. ಇಲ್ಲಿ ಅಲ್ಟ್ರಾ ಹಿಂದೆ ಬಿದ್ದಿದೆ, ಇದರಲ್ಲಿ ಎರಡು ಮಾತಿಲ್ಲ. ಹಳ್ಳಿಯ ಕಡೆ ಕರೆಂಟ್ ಆಗಾಗ ಕೈಕೊಡುತ್ತದೆ. ಅಲ್ಲಿ ಸಿಕ್ಕ ಅರ್ಧ ಗಂಟೆಯಲ್ಲಿ ಎಷ್ಟು ತುಂಬುತ್ತದೆ ಎಂಬುದು ಸಣ್ಣ ಮಾತಲ್ಲ.

ಈ ಚೀನೀಯರು ಅಷ್ಟೇ ದಪ್ಪದ ಫೋನಿನಲ್ಲಿ ಅಷ್ಟು ಹೆಚ್ಚು ತುಂಬಿದ್ದು ಹೇಗೆ ಎಂಬುದು ನನಗೆ ಬಹಳ ಇಷ್ಟದ ಕಥೆ. ಬ್ಯಾಟರಿ ಚಾರ್ಜ್ ಆಗುವಾಗ ಲಿಥಿಯಂ ಬಂದು ಕೂರುವುದು ಗ್ರಾಫೈಟ್‌ನಲ್ಲಿ. ಪೆನ್ಸಿಲ್ ಕಡ್ಡಿಯಲ್ಲಿರುವ ಅದೇ ಇಂಗಾಲ. ಆರು ಇಂಗಾಲದ ಪರಮಾಣುಗಳು ಸೇರಿದರೆ ಒಂದು ಲಿಥಿಯಂಗೆ ಜಾಗ. ಸಿಲಿಕಾನ್ ಹಾಗಲ್ಲ. ಅದರ ಒಂದೊಂದು ಪರಮಾಣುವೂ ಹತ್ತಿರ ಹತ್ತಿರ ನಾಲ್ಕು ಲಿಥಿಯಂ ಹಿಡಿದುಕೊಳ್ಳಬಲ್ಲದು. ತೂಕಕ್ಕೆ ತೂಕ ಹಾಕಿದರೆ ಗ್ರಾಫೈಟ್‌ಗಿಂತ ಒಂಬತ್ತು ಹತ್ತು ಪಟ್ಟು. ಇದು ವಿಜ್ಞಾನಿಗಳಿಗೆ ಹಿಂದಿನಿಂದಲೂ ಗೊತ್ತಿತ್ತು. ಬಳಸಲಾಗದೆ ಇದ್ದದ್ದು ಏಕೆಂದರೆ, ಅಷ್ಟು ಲಿಥಿಯಂ ನುಂಗಿದ ಸಿಲಿಕಾನ್ ತನ್ನ ಗಾತ್ರದ ಮೂರು ಪಟ್ಟಿಗೂ ಮೀರಿ ಉಬ್ಬುತ್ತದೆ, ಚಾರ್ಜ್ ಇಳಿದಾಗ ಕುಗ್ಗುತ್ತದೆ. ಹೀಗೆ ಉಬ್ಬಿ ಕುಗ್ಗಿ ಒಡೆದು ಪುಡಿಯಾಗುತ್ತದೆ. ಅದಕ್ಕೆ ಕಂಡುಕೊಂಡ ದಾರಿ, ಸಿಲಿಕಾನನ್ನು ಬಹಳ ಸಣ್ಣ ಕಣಗಳಾಗಿಸಿ ಇಂಗಾಲದ ಹಂದರದೊಳಗೆ ಕೂರಿಸುವುದು. ಉಬ್ಬಲು ಒಳಗೇ ಸ್ವಲ್ಪ ಜಾಗ ಸಿಗುತ್ತದೆ. 2023ರ ಮಾರ್ಚ್‌ನಲ್ಲಿ ಆನರ್ ಕಂಪನಿ ತನ್ನ ಮ್ಯಾಜಿಕ್5 ಪ್ರೋದ ಚೀನೀ ಆವೃತ್ತಿಗೆ ಇಂಥ ಬ್ಯಾಟರಿ ಹಾಕಿತು. ಎರಡೇ ವರ್ಷದಲ್ಲಿ ಚೀನಾದ ಬಹುತೇಕ ದೊಡ್ಡ ಕಂಪನಿಗಳು ಆ ದಾರಿ ಹಿಡಿದವು. ಸ್ಯಾಮ್‌ಸಂಗ್, ಆಪಲ್, ಗೂಗಲ್ ಈ ಮೂವರು ಗ್ರಾಫೈಟ್‌ನಲ್ಲೇ ಉಳಿದರು.

"ಅಷ್ಟು ದೊಡ್ಡ ಕಂಪನಿಗೆ ಇದು ಬರಲ್ವಾ ಮಾವ?" ಅಂದ ಅಳಿಯ.

ಬರುವುದಿಲ್ಲ ಎಂದು ನಾನು ನಂಬಲಾರೆ. ಕಾರಣಗಳಿವೆ, ಒಂದು ಕಾನೂನಿನದು. ಲಿಥಿಯಂ ಬ್ಯಾಟರಿಗಳನ್ನು ಸಾಗಿಸುವ ನಿಯಮಗಳಲ್ಲಿ ಒಂದು ಗೆರೆ ಇದೆ: ಒಂದೇ ಸೆಲ್‌ನಲ್ಲಿ 20 ವಾಟ್-ಅವರ್‌ಗಿಂತ ಹೆಚ್ಚು ಶಕ್ತಿ ಇದ್ದರೆ ಅದು ಪೂರ್ತಿ ಅಪಾಯಕಾರಿ ಸರಕಿನ ಕಟ್ಟುಪಾಡಿಗೆ ಒಳಪಡುತ್ತದೆ, ಸಾಗಿಸುವ ಖರ್ಚು ಏರುತ್ತದೆ. ಅಲ್ಟ್ರಾದ 5000 ಎಂಎಎಚ್ ಅನ್ನು ಆ ಲೆಕ್ಕಕ್ಕೆ ತಿರುಗಿಸಿ ನೋಡಿ, 20ಕ್ಕೆ ಕೂದಲೆಳೆಯಷ್ಟು ಕೆಳಗೆ ಬಂದು ನಿಲ್ಲುತ್ತದೆ. ಚೀನೀಯರೂ ಈ ಗೆರೆಯ ಮುಂದೆ ತಗ್ಗಿದ್ದಾರೆ. ಶವೋಮಿ 15 ಅಲ್ಟ್ರಾ ಚೀನಾದಲ್ಲಿ 6000 ಎಂಎಎಚ್, ನಮ್ಮಲ್ಲಿಗೆ ಬಂದದ್ದು 5410. ವಿವೋ ಎಕ್ಸ್200 ಪ್ರೋ ನಮ್ಮಲ್ಲಿ 6000, ಯುರೋಪಿನಲ್ಲಿ 5200. ಒನ್‌ಪ್ಲಸ್ ಎರಡು 3000ದ ಸೆಲ್‌ಗಳನ್ನು ಜೋಡಿಸಿ ಗೆರೆಯ ಒಳಗೇ ಉಳಿಯಿತು. ಅಂದಮೇಲೆ ದಾರಿ ಇತ್ತು. ಕೊರಿಯಾದವರು ಅದನ್ನು ಹಿಡಿಯಲಿಲ್ಲ.

ಹಿಡಿಯದಿದ್ದದ್ದಕ್ಕೆ ನನಗೆ ತೋರುವ ಕಾರಣ 2016. ಆ ಆಗಸ್ಟ್‌ನಲ್ಲಿ ಗ್ಯಾಲಕ್ಸಿ ನೋಟ್ 7 ಮಾರಾಟಕ್ಕೆ ಬಂತು. ಕೆಲವೇ ದಿನಗಳಲ್ಲಿ ಅಲ್ಲಿ ಇಲ್ಲಿ ಹೊತ್ತಿಕೊಂಡ ಸುದ್ದಿ. ಸೆಪ್ಟೆಂಬರ್ 2ರಂದು ಕಂಪನಿ 25 ಲಕ್ಷ ಫೋನ್‌ಗಳನ್ನು ವಾಪಸು ಪಡೆಯುವುದಾಗಿ ಹೇಳಿ, ಬೇರೆ ತಯಾರಕರ ಬ್ಯಾಟರಿ ಹಾಕಿದ ಫೋನ್ ಕೊಟ್ಟಿತು. ಅವೂ ಹೊತ್ತಿಕೊಂಡವು. ಅಕ್ಟೋಬರ್ 11ರಂದು ಆ ಫೋನಿನ ಕಥೆಯೇ ಮುಗಿಯಿತು. ಮರುವರ್ಷದ ಜನವರಿ 23ರಂದು ಕಂಪನಿ ತನಿಖೆಯ ಫಲ ಮುಂದಿಟ್ಟಿತು: ಮೊದಲ ಬ್ಯಾಟರಿಯ ಮೂಲೆಯಲ್ಲಿ ಒಳಪದರ ಬಾಗಿತ್ತು, ಎರಡನೆಯದರಲ್ಲಿ ಬೆಸುಗೆಯ ಚೂರು ಚುಚ್ಚಿಕೊಂಡಿತ್ತು. ನೋಟ್ 7 ನಮ್ಮ ದೇಶದಲ್ಲಿ ಮಾರಾಟವಾಗಲೇ ಇಲ್ಲ. ಆದರೂ ಆ ದಿನಗಳಲ್ಲಿ ವಿಮಾನ ಹತ್ತಿದವರಿಗೆ ನೆನಪಿರಬೇಕು, ಸೀಟ್ ಬೆಲ್ಟ್ ಕಟ್ಟಿಕೊಳ್ಳಿ ಎನ್ನುವ ಜೊತೆಗೇ ಗ್ಯಾಲಕ್ಸಿ ನೋಟ್ 7 ಆನ್ ಮಾಡಬೇಡಿ, ಚಾರ್ಜಿಗೆ ಹಾಕಬೇಡಿ ಎಂಬ ಪ್ರಕಟಣೆ. ಒಂದು ಕಂಪನಿಯ ಹೆಸರನ್ನು ಆಕಾಶದಲ್ಲಿ ಹಾಗೆ ದಿನದಿನವೂ ಕೂಗಿದರೆ, ಒಳಗಿನ ಇಂಜಿನಿಯರುಗಳ ಎದೆಯಲ್ಲಿ ಅದು ಎಷ್ಟು ವರ್ಷ ಕೂತಿರಬಹುದು! ಬ್ಯಾಟರಿಯ ವಿಷಯದಲ್ಲಿ ಅವರ ನಿಧಾನವನ್ನು ನಾನು ಗೌರವಿಸುತ್ತೇನೆ. ಹೊತ್ತಿಕೊಳ್ಳುವ ವಸ್ತುವನ್ನು ಕೋಟಿಗಟ್ಟಲೆ ಜನರ ದಿಂಬಿನ ಪಕ್ಕದಲ್ಲಿ ಇಡುವವರು ಹೆದರಬೇಕು.

ಆ ನಿಧಾನಕ್ಕೆ ಫಲವೂ ಇದೆ. ಯುರೋಪಿನಲ್ಲಿ 2025ರ ಜೂನ್ 20ರಿಂದ ಹೊಸ ಕಾನೂನು ಬಂದಿದೆ. ನಮ್ಮ ಫ್ರಿಜ್ಜಿನ ಮೇಲೆ ನಕ್ಷತ್ರದ ಚೀಟಿ ಇದ್ದ ಹಾಗೆ ಅಲ್ಲಿ ಫೋನಿಗೂ ಚೀಟಿ. ಬ್ಯಾಟರಿ ಕನಿಷ್ಠ 800 ಸಲ ಪೂರ್ತಿ ಚಾರ್ಜ್ ಆದ ಮೇಲೂ ಮೊದಲಿನ ಶಕ್ತಿಯಲ್ಲಿ ಶೇಕಡ 80 ಉಳಿಸಿಕೊಂಡಿರಬೇಕು. ಎಸ್25 ಅಲ್ಟ್ರಾದ ಚೀಟಿಯಲ್ಲಿ ಬರೆದಿರುವುದು 2000. ದಿನಕ್ಕೊಂದು ಸಲ ಪೂರ್ತಿ ತುಂಬಿದರೂ ಐದೂವರೆ ವರ್ಷ. ಏಳು ವರ್ಷ ಅಪ್‌ಡೇಟ್ ಕೊಡುತ್ತೇನೆ ಎಂದಿರುವ ಕಂಪನಿಯ ಮಾತಿಗೆ ಇದು ತಕ್ಕದ್ದಾಗಿದೆ. ಒನ್‌ಪ್ಲಸ್ 13ರ ಮಾತು ನಾಲ್ಕು ಆಂಡ್ರಾಯ್ಡ್ ಆವೃತ್ತಿ, ಆರು ವರ್ಷದ ಭದ್ರತೆ.

ಈ ಏಳು ವರ್ಷದ ಮಾತನ್ನು "ಯಾರಪ್ಪಾ ಅಷ್ಟು ದಿನ ಇಟ್ಕೊಳ್ತಾರೆ" ಎಂದು ತಳ್ಳಿಹಾಕುವವರನ್ನು ಕಂಡಿದ್ದೇನೆ. ನಮ್ಮ ಮನೆಗಳಲ್ಲಿ ಫೋನ್ ಹೇಗೆ ಓಡಾಡುತ್ತದೆ ಎಂದು ಅವರು ನೋಡಿಲ್ಲ. ಮಗ ಹೊಸದು ತಂದರೆ ಅವನದು ಅಮ್ಮನಿಗೆ, ಅಮ್ಮನದು ಊರಿನಲ್ಲಿರುವ ಚಿಕ್ಕಪ್ಪನಿಗೆ. ಮೂರನೆಯ ಕೈಗೆ ಹೋದಾಗಲೂ ಅದರಲ್ಲಿ ಪಿಂಚಣಿಯ ದುಡ್ಡು ಇರುತ್ತದೆ, ಫೋನ್‌ಪೇ ಇರುತ್ತದೆ, ಹಾಲಿನ ಡೈರಿಯ ಲೆಕ್ಕ ಇರುತ್ತದೆ. ಹಳತಾದ ಆಂಡ್ರಾಯ್ಡ್‌ನಲ್ಲಿ ಬ್ಯಾಂಕಿನ ಆ್ಯಪ್ ಒಂದು ದಿನ ತೆರೆಯುವುದೇ ಇಲ್ಲ ಎನ್ನುತ್ತದೆ. ಭದ್ರತೆಯ ತೇಪೆ ನಿಂತುಹೋದ ಫೋನಿನಲ್ಲಿ ಚಿಕ್ಕಪ್ಪನ ಉಳಿತಾಯ ಇಡುವುದು ನನಗೆ ಒಪ್ಪಿಗೆಯಿಲ್ಲ. ಅಪ್‌ಡೇಟಿನ ಅವಧಿಯನ್ನು ದೊಡ್ಡ ಕಂಪನಿಗಳಲ್ಲಿ ಮೊದಲು ಏಳು ವರ್ಷಕ್ಕೆ ಏರಿಸಿದ್ದು ಗೂಗಲ್, 2023ರ ಪಿಕ್ಸೆಲ್ 8ರಲ್ಲಿ. ಮೂರೇ ತಿಂಗಳಲ್ಲಿ ಸ್ಯಾಮ್‌ಸಂಗ್ ಎಸ್24ರ ಜೊತೆ ಅದೇ ಮಾತು ಕೊಟ್ಟಿತು. ಈ ವಿಷಯದಲ್ಲಿ ಹಿಂದಿನಿಂದ ಓಡಿ ಬರಬೇಕಾದವರು ಚೀನೀಯರೇ.

ಇನ್ನು ಪರದೆ. ಅಲ್ಟ್ರಾದ ಪರದೆಯ ಮೇಲಿನ ಗಾಜು, ಕಾರ್ನಿಂಗ್‌ನವರ ಗೊರಿಲ್ಲಾ ಆರ್ಮರ್ 2, ಬೆಳಕನ್ನು ಪ್ರತಿಫಲಿಸುವುದು ತೀರ ಕಡಿಮೆ. ಮೇ ತಿಂಗಳಲ್ಲಿ ಕಲಬುರಗಿಯ ಬಸ್ ನಿಲ್ದಾಣದ ಹೊರಗೆ ನಿಂತು ಟಿಕೆಟಿನ ಮೆಸೇಜ್ ಓದಬೇಕಾದವರಿಗೆ ಇದರ ಬೆಲೆ ಗೊತ್ತು. ಬೇರೆ ಫೋನಿನಲ್ಲಿ ನಮ್ಮ ಮುಖ, ಹಿಂದಿನ ಆಕಾಶ, ವಿದ್ಯುತ್ ಕಂಬ ಎಲ್ಲ ಕಾಣುತ್ತವೆ. ಇದರಲ್ಲಿ ಅಕ್ಷರ ಕಾಣುತ್ತದೆ. ಪ್ರಕಾಶ ಇಷ್ಟು ನಿಟ್ಸ್ ಎಂದು ಎಲ್ಲರೂ ಬರೆಯುತ್ತಾರೆ, ಪ್ರತಿಫಲನ ಎಷ್ಟು ಎಂದು ಬರೆಯುವವರು ಕಡಿಮೆ. ದುಃಖದ ಸಂಗತಿ ಏನೆಂದರೆ, ನಮ್ಮಲ್ಲಿ ಫೋನ್ ಪೆಟ್ಟಿಗೆಯಿಂದ ಹೊರಬಂದ ಗಳಿಗೆಯಲ್ಲೇ ಅಂಗಡಿಯ ಹುಡುಗ "ಟೆಂಪರ್ ಹಾಕ್ಲಾ ಸಾರ್" ಎನ್ನುತ್ತಾನೆ, ನಾವು ಹೂಂ ಎನ್ನುತ್ತೇವೆ. ಇನ್ನೂರು ರೂಪಾಯಿಯ ಆ ಗಾಜು ಮೇಲೆ ಕೂತರೆ ಕೆಳಗಿನ ಗಾಜಿನ ಗುಣವೆಲ್ಲ ಹೋಯಿತು, ಹೊಳಪು ಮತ್ತೆ ಹಾಜರು. ಅಲ್ಟ್ರಾ ಕೊಳ್ಳುವವರಲ್ಲಿ ನನ್ನ ಕಳಕಳಿಯ ಬೇಡಿಕೆ: ದಯವಿಟ್ಟು ಟೆಂಪರ್ ಹಾಕಿಸಬೇಡಿ. ಬೀಳುವ ಭಯವಿದ್ದರೆ ಅಂಚು ಎತ್ತರ ಇರುವ ಬ್ಯಾಕ್ ಕವರ್ ಸಾಕು.

ವೇಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಟ್ರಾದ ಸ್ನ್ಯಾಪ್‌ಡ್ರಾಗನ್ 8 ಎಲೀಟ್ ಚಿಪ್ ಒನ್‌ಪ್ಲಸ್‌ನಲ್ಲೂ ಅದೇ, ಶವೋಮಿಯಲ್ಲೂ ಅದೇ. ಸ್ಯಾಮ್‌ಸಂಗ್‌ಗೆ ಕೊಟ್ಟದ್ದು ತುಸು ಹೆಚ್ಚು ವೇಗಕ್ಕೆ ಏರಿಸಿದ್ದು. ವಾಟ್ಸಾಪ್ ತೆರೆಯುವಾಗ, ನಕ್ಷೆ ನೋಡುವಾಗ ಈ ವ್ಯತ್ಯಾಸ ಯಾರಿಗೂ ಗೊತ್ತಾಗದು.

ಕ್ಯಾಮೆರಾದ ಹತ್ತಿರ ಬಂದರೆ ನನ್ನ ಗೌರವ ಸ್ವಲ್ಪ ಕಡಿಮೆಯಾಗುತ್ತದೆ. ಬ್ಯಾಟರಿಯಲ್ಲಿ ಹಿಂದೆ ಬಿದ್ದದ್ದಕ್ಕೆ ಬೆಂಕಿಯ ನೆನಪು ಎಂಬ ಕಾರಣವಿತ್ತು. ಇಲ್ಲಿ ಅಂಥದ್ದೇನೂ ಇಲ್ಲ.

200 ಮೆಗಾಪಿಕ್ಸೆಲ್ ಎಂದು ಜಾಹೀರಾತಿನಲ್ಲಿ ಬರುವ ಮುಖ್ಯ ಕ್ಯಾಮೆರಾ ಚೆನ್ನಾಗಿಯೇ ಇದೆ. ಸಾಮಾನ್ಯವಾಗಿ ಅದು ಹದಿನಾರು ಬಿಂದುಗಳನ್ನು ಒಂದಾಗಿಸಿ 12 ಮೆಗಾಪಿಕ್ಸೆಲ್‌ನ ಚಿತ್ರ ಕೊಡುತ್ತದೆ, ಸಂಖ್ಯೆಯ ಅಬ್ಬರ ಬಿಟ್ಟರೆ ಚಿತ್ರ ಒಳ್ಳೆಯದು. ಐದು ಪಟ್ಟು ಹತ್ತಿರ ತರುವ 50 ಮೆಗಾಪಿಕ್ಸೆಲ್‌ನ ಕ್ಯಾಮೆರಾವೂ ಸೊಗಸು. ಬಯಲಾಟದಲ್ಲಿ ಹಿಂದಿನ ಸಾಲಿನ ಕುರ್ಚಿಯಿಂದ ವೇಷದ ಕಿರೀಟದ ಕುಸುರಿ ಹಿಡಿಯಲು ಇದು ಬೇಕು. ಅಗಲ ನೋಟದ ಕ್ಯಾಮೆರಾ ಈ ಫೋನಿನಲ್ಲಿ ಹೊಸದು. ನಾಲ್ಕನೆಯದೊಂದಿದೆ, ಮೂರು ಪಟ್ಟಿನದು. 10 ಮೆಗಾಪಿಕ್ಸೆಲ್. ಮೂರು ಪಟ್ಟಿಗೆ 10 ಮೆಗಾಪಿಕ್ಸೆಲ್ ಎಂಬ ಈ ಏರ್ಪಾಡು 2021ರ ಎಸ್21 ಅಲ್ಟ್ರಾದಿಂದ ನಡೆದುಬಂದದ್ದು.

ಮೂರು ಪಟ್ಟು ಎಂದರೆ ಏನು ಗೊತ್ತೇ? ಅದು ಮುಖದ ದೂರ. ಮನುಷ್ಯರ ಮುಖ ತೆಗೆಯುವ ಛಾಯಾಗ್ರಾಹಕರು 85 ಮಿಲಿಮೀಟರಿನ ಮಸೂರವನ್ನು ಪ್ರೀತಿಸುತ್ತ ಬಂದದ್ದು ಸುಮ್ಮನೆ ಅಲ್ಲ. ಆ ದೂರದಿಂದ ಮೂಗು ಉಬ್ಬುವುದಿಲ್ಲ, ಕಿವಿ ಹಿಂದೆ ಸರಿಯುವುದಿಲ್ಲ, ನೋಡಿದವರು "ಇವಳು ನಮ್ಮ ಅಜ್ಜಿಯೇ" ಎನ್ನುತ್ತಾರೆ. ನಾವು ಫೋನಿನಲ್ಲಿ ಹೆಚ್ಚು ತೆಗೆಯುವುದು ಏನನ್ನು? ಬೆಟ್ಟವನ್ನೂ ಚಂದ್ರನನ್ನೂ ಅಲ್ಲ. ಧಾರೆಯ ಹೊತ್ತಿನಲ್ಲಿ ಕಣ್ಣು ತುಂಬಿದ ಹುಡುಗಿಯ ಅಪ್ಪನನ್ನು, ತೊಟ್ಟಿಲ ಶಾಸ್ತ್ರದಲ್ಲಿ ಹಾಡು ಹೇಳುವ ದೊಡ್ಡಮ್ಮನನ್ನು, ಶಾಲೆಯ ವಾರ್ಷಿಕೋತ್ಸವಕ್ಕೆ ಮೀಸೆ ಬರೆಸಿಕೊಂಡ ಮಗನನ್ನು. ಕಲ್ಯಾಣ ಮಂಟಪದ ಬೆಳಕು ಎಂಥದೆಂದು ಎಲ್ಲರಿಗೂ ಗೊತ್ತು. ಹಸೆಮಣೆಯ ಮೇಲೆ ವಿಡಿಯೋದವರ ಲೈಟು, ಉಳಿದ ಕಡೆ ಮಬ್ಬು. ಅಂಥಲ್ಲಿ ಸೆನ್ಸರ್ ದೊಡ್ಡದಿರಬೇಕು. ಚಿಕ್ಕ ಸೆನ್ಸರಿಗೆ ಸಾಕಷ್ಟು ಬೆಳಕು ಬೀಳಬೇಕಾದರೆ ಹೆಚ್ಚು ಹೊತ್ತು ಬೇಕು, ಅಷ್ಟರಲ್ಲಿ ಮಗು ತಲೆ ತಿರುಗಿಸಿರುತ್ತದೆ.

ವಿವೋದವರು ಎಕ್ಸ್200 ಪ್ರೋದಲ್ಲಿ 200 ಮೆಗಾಪಿಕ್ಸೆಲ್‌ನ ಸೆನ್ಸರನ್ನು ಇಟ್ಟಿದ್ದು ಎಲ್ಲಿ ಗೊತ್ತೇ? ಸರಿಯಾಗಿ ಈ ಮುಖದ ದೂರದಲ್ಲಿ, 85 ಮಿಲಿಮೀಟರಿಗೆ. ಆ ಸೆನ್ಸರಿನ ವಿಸ್ತೀರ್ಣ ಅಲ್ಟ್ರಾದ ಮೂರು ಪಟ್ಟಿನ ಸೆನ್ಸರಿಗಿಂತ ಸುಮಾರು ಆರು ಪಟ್ಟು. ಬಿಡುಗಡೆಯಾದಾಗ ಬೆಲೆ 94,999. ಮುಖ ಮುಖ್ಯ ಎಂದು ಕೂತು ಯೋಚಿಸಿದವರು ಮಾತ್ರ ಹೀಗೆ ಮಾಡಬಲ್ಲರು. ಅದನ್ನು ನೋಡಿದಾಗಿನಿಂದ ನನಗೆ ಸ್ಯಾಮ್‌ಸಂಗ್ ಮೇಲೆ ಬೇಸರ. ಬೆಂಗಳೂರಿನಲ್ಲಿ ಕೊರಿಯಾದ ಹೊರಗಿನ ತನ್ನ ಅತಿ ದೊಡ್ಡ ಸಂಶೋಧನಾ ಕೇಂದ್ರ ಇಟ್ಟುಕೊಂಡಿದೆ, ನೋಯ್ಡಾದಲ್ಲಿ ಇದೇ ಫೋನ್ ತಯಾರಿಸುತ್ತದೆ. ನಮ್ಮ ಮದುವೆಮನೆಗಳು ಅದಕ್ಕೆ ದೂರದವಲ್ಲ. ಎಐ ಎಂದು ದಿನಕ್ಕೊಂದು ಹೊಸ ಸೌಲಭ್ಯ ಸಾರುವ ಬದಲು ಆ ಪುಟ್ಟ ಸೆನ್ಸರನ್ನು ಕಿತ್ತು ದೊಡ್ಡದು ಕೂರಿಸಿದ್ದರೆ ಲಕ್ಷಾಂತರ ಆಲ್ಬಮ್‌ಗಳು ಬೆಳಗುತ್ತಿದ್ದವು.

ಪೆನ್ನಿನ ವಿಷಯ ಹೇಳದಿದ್ದರೆ ಮಾತು ಪೂರ್ತಿಯಾಗದು. 2011ರಲ್ಲಿ ಮೊದಲ ಗ್ಯಾಲಕ್ಸಿ ನೋಟ್ 5.3 ಅಂಗುಲದ ಪರದೆ, ಜೊತೆಗೊಂದು ಪೆನ್ನು ಹಿಡಿದು ಬಂದಾಗ ಇಷ್ಟು ದೊಡ್ಡ ಫೋನ್ ಯಾರು ಹಿಡಿಯುತ್ತಾರೆ ಎಂದು ನಕ್ಕವರು ಬಹಳ. ನಕ್ಕವರೆಲ್ಲ ಆಮೇಲೆ ಅದೇ ಗಾತ್ರಕ್ಕೆ ಬಂದರು. ಆಪಲ್ ಸಹ 2014ರಲ್ಲಿ 5.5 ಅಂಗುಲದ ಐಫೋನ್ ತಂದಿತು. ಆಗ ಉಳಿದವರು ಸ್ಯಾಮ್‌ಸಂಗ್ ಹಿಂದೆ ಓಡುತ್ತಿದ್ದರು. ಮುಂದೆ ಆ ಪೆನ್ನಿಗೆ ಬ್ಲೂಟೂತ್ ಸೇರಿತು. ಫೋನನ್ನು ಗೋಡೆಗೆ ಒರಗಿಸಿ, ಅಷ್ಟು ದೂರ ಹೋಗಿ ಎಲ್ಲರ ಮಧ್ಯೆ ನಿಂತು, ಪೆನ್ನಿನ ಗುಂಡಿ ಒತ್ತಿದರೆ ಫೋಟೋ. ಕುಟುಂಬದ ಚಿತ್ರದಲ್ಲಿ ಕ್ಯಾಮೆರಾ ಹಿಡಿದವರು ಎಂದೂ ಇರುವುದಿಲ್ಲವೆಂಬ ಹಳೆಯ ಕೊರಗನ್ನು ಆ ಗುಂಡಿ ನೀಗಿಸಿತ್ತು. ಎಸ್25 ಅಲ್ಟ್ರಾದಲ್ಲಿ ಪೆನ್ನಿನ ಬ್ಲೂಟೂತ್ ತೆಗೆದಿದ್ದಾರೆ. ಬಳಸುವವರು ಕಡಿಮೆ ಎಂಬುದು ಸಮಜಾಯಿಷಿ. ಬೆಲೆಯಲ್ಲಿ ಒಂದು ರೂಪಾಯಿ ಕಡಿಮೆ ಮಾಡದೆ ಇದ್ದ ಸೌಲಭ್ಯವನ್ನು ಕಿತ್ತುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ಹಾಗಾದರೆ ಅಳಿಯನಿಗೆ ನಾನು ಹೇಳಿದ್ದೇನು? ಮನೆಯಲ್ಲಿ ಚಿಕ್ಕ ಮಕ್ಕಳಿದ್ದು ಫೋಟೋವೇ ಮುಖ್ಯವಾದರೆ ವಿವೋ. ದಿನವೆಲ್ಲ ಸುತ್ತಾಟ, ಚಾರ್ಜಿಗೆ ಹೊತ್ತಿಲ್ಲ ಎನ್ನುವವರಾದರೆ ಒನ್‌ಪ್ಲಸ್, ಅರವತ್ತು ಸಾವಿರ ಉಳಿಯುತ್ತದೆ. ಒಮ್ಮೆ ಕೊಂಡು ಬಹಳ ವರ್ಷ ಬಳಸಿ, ಆಮೇಲೂ ಮನೆಯವರ ಕೈಗೆ ಕೊಡುವುದಾದರೆ ಸ್ಯಾಮ್‌ಸಂಗ್. "ಅಂದ್ರೆ ಎಸ್25 ಅಲ್ಟ್ರಾ ತಗೊಳ್ಳಲಾ?" ಎಂದ. ಆಗ ನನಗೆ ಹೊಳೆದ ಎದುರಾಳಿಯ ಮಾತನ್ನು ಹೇಳಲೇಬೇಕಾಯಿತು. ಈ ಫೋನಿಗೆ ನಿಜವಾದ ಪೈಪೋಟಿ ಚೀನಾದಿಂದ ಬಂದದ್ದಲ್ಲ.

2024ರ ಜನವರಿಯಲ್ಲಿ ಬಂದ ಎಸ್24 ಅಲ್ಟ್ರಾವನ್ನು ತೆಗೆದುಕೊಳ್ಳಿ. ಅದಕ್ಕೂ ಟೈಟಾನಿಯಂ ಚೌಕಟ್ಟು, ಅದಕ್ಕೂ ಪ್ರತಿಫಲನ ಕಡಿಮೆಯಿರುವ ಗಾಜು. ಮುಖ್ಯ ಕ್ಯಾಮೆರಾ 200, ಐದು ಪಟ್ಟಿನದು 50, ಮೂರು ಪಟ್ಟಿನದು ಅದೇ 10. ಬ್ಯಾಟರಿ 5000, ಚಾರ್ಜಿಂಗ್ 45 ವಾಟ್. ಹೊಸದರಲ್ಲಿ ಹೆಚ್ಚಿಗೆ ಸಿಗುವುದು ವೇಗದ ಚಿಪ್, ಉತ್ತಮವಾದ ಅಗಲ ನೋಟದ ಕ್ಯಾಮೆರಾ, 14 ಗ್ರಾಂ ಕಡಿಮೆ ತೂಕ, ಅಂಗೈಗೆ ಚುಚ್ಚದ ದುಂಡು ಮೂಲೆಗಳು ಮತ್ತು ಒಂದು ವರ್ಷ ಹೆಚ್ಚಿನ ಅಪ್‌ಡೇಟ್. ಬಿಡುಗಡೆಯ ದಿನ ಈ ಹಳೆಯ ಅಲ್ಟ್ರಾದ ಬೆಲೆಯೂ 1,29,999 ಆಗಿತ್ತು. ಮುಂದೆ 2025ರ ನವರಾತ್ರಿಯ ಆನ್‌ಲೈನ್ ಮಾರಾಟಗಳಲ್ಲಿ ಅದು 72 ಸಾವಿರದ ಆಸುಪಾಸಿಗೆ ಇಳಿದಿತ್ತು. 2031ರವರೆಗೆ ಅದಕ್ಕೆ ಅಪ್‌ಡೇಟ್ ಬರುತ್ತದೆ, ಮತ್ತು ಅದರ ಪೆನ್ನಿನಲ್ಲಿ ಬ್ಲೂಟೂತ್ ಇದೆ.